ಮಗಳ ಆಟೋಕ್ರಾಸ್ ಕ್ಲಾಸಿಗೆ ಪ್ರಫುಲ್ಲಾ

ಸಾನಪಾಡಾದ ಪ್ರಫುಲ್ಲಾಳಿಗೆ ಮಗಳ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಒಂದು ಭಾನುವಾರ ಬೆಳಿಗ್ಗೆ, ವಾಶಿ ಮಾರ್ಕೆಟ್ಟಿನ ಹಿಂದೆ ಲಾರಿಗಳು ನಿಲ್ಲುವ ಖಾಲಿ ಮೈದಾನದಲ್ಲಿ. ಹೆತ್ತ ಮಗಳ ಮೇಲೆ ನಿನಗೆ ಅಂಥದ್ದೊಂದು ಬರುತ್ತದೆ ಎಂದು ಅದಕ್ಕೆ ಮೊದಲು ಯಾರಾದರೂ ಹೇಳಿದ್ದರೆ, ಅವಳು ಅವರ ಜೊತೆ ಮಾತನ್ನೇ ಬಿಡುತ್ತಿದ್ದಳು.

ಅದು ೨೦೧೪ನೆಯ ಇಸವಿ. ಗಂಡ ಭುಜಂಗನದು ವಾಶಿಯಲ್ಲಿ ಸಣ್ಣದೊಂದು ಉಡುಪಿ ಹೋಟೆಲು. ಒಬ್ಬಳೇ ಮಗಳು ಅನುಷ್ಕಾ ಐರೋಲಿಯ ಆಫೀಸೊಂದಕ್ಕೆ ಹೊಸದಾಗಿ ಸೇರಿದ್ದಳು. ಅಲ್ಲಿಯ ಗೆಳತಿಯರಿಂದ ಕೇಳಿ, ಆಟೋಕ್ರಾಸ್ ಕಲಿಸುವ ಒಂದು ದಿನದ ಕ್ಲಾಸಿಗೆ ಹೆಸರು ಕೊಟ್ಟಿದ್ದಳು. ದೊಡ್ಡ ಮೈದಾನದಲ್ಲಿ ರಬ್ಬರ್ ಕೋನುಗಳನ್ನಿಟ್ಟು ಅಂಕುಡೊಂಕಿನ ದಾರಿ ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಕೋನು ಬೀಳಿಸದೆ ಯಾರು ಬೇಗ ಮುಗಿಸುತ್ತಾರೆ ಎನ್ನುವುದೇ ಆಟ. ಕಲಿಯುವವರು ತಮ್ಮ ತಮ್ಮ ಗಾಡಿಯನ್ನೇ ತರಬೇಕು.

ವಿಷಯ ಕೇಳಿ ಭುಜಂಗ ಬೈಯಬಹುದೆಂದು ಪ್ರಫುಲ್ಲಾ ಎಣಿಸಿದ್ದಳು. ಅವನು ಮಗಳಿಗಿಂತ ಹೆಚ್ಚು ಕುಣಿದ. ಆ ಭಾನುವಾರ ಹೋಟೆಲಿನಿಂದ ಮೊಸರಿನ ಖಾಲಿ ಬಕೆಟ್ಟುಗಳನ್ನು ತಂದು ಮಾರ್ಕೆಟ್ಟಿನ ಹಿಂದಿನ ಮೈದಾನದಲ್ಲಿ ಸಾಲಾಗಿ ಇಟ್ಟ. ಮಗಳ ಪಕ್ಕದ ಸೀಟಿನಲ್ಲಿ ಕೂತ.

"ಮೊದಲು ಬ್ರೇಕ್ ಮಗಾ, ತಿರುಗಿಸುದು ಆಮೇಲೆ. ಗಡಿಬಿಡಿ ಬೇಡ. ಗಾಡಿ ಬಂದ್ ಬಿದ್ರೆ ಬೀಳ್ಲಿ, ಪುನಃ ಸ್ಟಾರ್ಟ್ ಮಾಡುವ."

ತೆರೆದ ಕಿಟಕಿಯಿಂದ ಆ ಮಾತು ಹೊರಗೆ ನಿಂತಿದ್ದ ಪ್ರಫುಲ್ಲಾಳಿಗೆ ಕೇಳಿಸಿತು. ಈ ಗಂಡಸಿಗೆ ಇಂಥದ್ದೊಂದು ಸ್ವರ ಇದೆಯೆಂದು ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳಿಗೆ ಗೊತ್ತಿರಲಿಲ್ಲ.

ಅವಳು ಹುಟ್ಟಿ ಬೆಳೆದದ್ದು ಠಾಣೆಯ ಕೋಪರಿಯಲ್ಲಿ. ಅಪ್ಪನ ಹತ್ತಿರ ಒಂದು ವ್ಯಾನಿತ್ತು. ಅಣ್ಣ ರಮಾಕಾಂತ ಅದರಲ್ಲಿ ಡ್ರೈವಿಂಗ್ ಕಲಿತ. ಇವಳು ಕೇಳಿದಾಗ, ಮದುವೆಯಾದ ಮೇಲೆ ಗಂಡ ಕಲಿಸುತ್ತಾನೆ ಎಂದರು. ಮದುವೆಯಾಗಿ, ಮಗಳು ಹುಟ್ಟಿ, ಸಾನಪಾಡಾಕ್ಕೆ ಬಂದ ಮೇಲೆ ಅವಳೇ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ತೆಗೆದಳು. ಪಕ್ಕದಲ್ಲಿ ಭುಜಂಗ ಕೂತರೆ ಬರೀ ಬೊಬ್ಬೆ. ಒಂದು ಸಂಜೆ ಪಾಮ್ ಬೀಚ್ ರಸ್ತೆಯ ಸಿಗ್ನಲ್ಲಿನಲ್ಲಿ ಗಾಡಿ ಬಂದ್ ಬಿತ್ತು. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. "ಇಳಿ" ಎಂದ ಭುಜಂಗ. ಅಷ್ಟೂ ಜನರ ಎದುರು ನಡುರಸ್ತೆಯಲ್ಲಿ ಅವಳು ಇಳಿದು, ಸುತ್ತು ಹಾಕಿ ಬಂದು ಎಡಗಡೆ ಕೂತಳು. ಆಮೇಲೆ ಅವಳ ಜಾಗ ಅದೇ ಆಯಿತು.

ಈಗ ಅದೇ ಗಂಡ ಮಗಳು ಬಕೆಟ್ಟು ಬೀಳಿಸಿದರೆ ನಗುತ್ತಿದ್ದ, ಬೀಳಿಸದಿದ್ದರೆ ಚಪ್ಪಾಳೆ ತಟ್ಟುತ್ತಿದ್ದ. "ನೋಡು ಪ್ರಫುಲ್ಲಾ, ಇವಳ ಕೈ ಎಷ್ಟು ಸಾಫ್ ಉಂಟು!" ಎಂದು ಕೂಗಿ ಹೇಳಿದ. ಪ್ರಫುಲ್ಲಾ ಮುಖ ತಿರುಗಿಸಿದಳು.

ಆ ವಾರ ಗಾಡಿ ಖಾಲಿ ಮಾಡುವ ಕೆಲಸ ಶುರುವಾಯಿತು. ತಿರುವಿನಲ್ಲಿ ಉರುಳಾಡುವ ಯಾವ ವಸ್ತುವೂ ಒಳಗಿರಬಾರದಂತೆ. ಅನುಷ್ಕಾ ಒಂದೊಂದಾಗಿ ಹೊರಗೆ ತೆಗೆದಳು: ಬೆನ್ನಿಗೆ ಇಡುವ ದಿಂಬು, ಕೊಡೆ, ಶನಿವಾರದ ದೇವಸ್ಥಾನದ ಎಣ್ಣೆಬಾಟ್ಲಿ, ಎಸಿಗೆ ಚಳಿಯಾದರೆ ಹೊದೆಯುವ ಶಾಲು. ಎಲ್ಲವೂ ಪ್ರಫುಲ್ಲಾಳದ್ದು. "ನಿನ್ನಮ್ಮ ಗಾಡಿಯಲ್ಲಿ ಇನ್ನೊಂದು ಸಂಸಾರ ಮಾಡಿದ್ದಾಳೆ" ಎಂದ ಭುಜಂಗ. ಅಪ್ಪ ಮಗಳು ಇಬ್ಬರೂ ನಕ್ಕರು. ಎಡಗಡೆಯ ಸೀಟಿನಿಂದಲೂ ತನ್ನನ್ನು ಇಳಿಸಿದರು ಎಂದು ಪ್ರಫುಲ್ಲಾಳಿಗೆ ಅನಿಸಿತು.

ಊಟಕ್ಕೆ ಬಡಿಸುವಾಗ ಅವಳು ಹೇಳಿದಳು. "ಬರುವ ಭಾನುವಾರ ನಂಗೆ ಗಾಡಿ ಬೇಕು. ಕಲ್ಯಾಣದಲ್ಲಿ ಅಣ್ಣನ ಹೊಸ ಮನೆ ಒಕ್ಕಲು."

"ಅವತ್ತು ಇವಳ ಕ್ಲಾಸ್ ಅಲ್ವಾ?" ಎಂದ ಭುಜಂಗ. "ನಾವು ಟ್ರೇನಲ್ಲಿ ಹೋಗುವ."

"ರೇಷ್ಮೆ ಸೀರೆ ಉಟ್ಟು ಟ್ರೇನಲ್ಲಿ ನೇತಾಡ್ಲಿಕ್ಕೆ ನನ್ನಿಂದಾಗುದಿಲ್ಲ. ಮತ್ತೆ, ಮದುವೆಯಾಗುವ ಹುಡುಗಿ, ಕೈಕಾಲು ಮುರ್ಕೊಂಡ್ರೆ ಯಾರು ನೋಡುದು?"

ಎರಡು ದಿನ ಅವಳು ಇದನ್ನೇ ಬೇರೆ ಬೇರೆ ಬಗೆಯಲ್ಲಿ ಹೇಳಿದಳು. ಕೊನೆಗೆ ಅನುಷ್ಕಾ ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಳು.

"ಅಮ್ಮಾ, ಸಚ್ ಬತಾ. ಮಾಮಾ ಕಾ ಘರ್ ತೋ ಬಹಾನಾ ಹೈ ನಾ? ನಿಂಗೆ ಪ್ರಾಬ್ಲಮ್ ಎಂತ?"

ಪ್ರಫುಲ್ಲಾ ಒಲೆ ಆರಿಸಿದಳು. ನೆವ ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು.

"ನೆವವೇ. ನಿನ್ನನ್ನು ನೋಡಿದ್ರೆ ನಂಗೆ ಹೊಟ್ಟೆ ಉರೀತದೆ. ನಿನ್ನಪ್ಪ ನಿಂಗೆ ಹೇಳಿಕೊಡುವ ಹಾಗೆ ನಂಗೆ ಒಂದು ದಿನ ಹೇಳಿಕೊಟ್ಟಿದ್ರೆ ನಾನು ಇಷ್ಟು ಹೊತ್ತಿಗೆ ಉಡುಪಿವರೆಗೆ ಗಾಡಿ ಬಿಡ್ತಿದ್ದೆ."

ಅನುಷ್ಕಾ ನಗಲಿಲ್ಲ. ಆ ಮಾತು ಅಲ್ಲಿಗೆ ಮುಗಿಯಲಿ ಎಂದು, "ತೋ ನೀನೂ ಹೆಸರು ಕೊಡು ನಾ. ಒಂದೇ ಗಾಡಿಯಲ್ಲಿ ಇಬ್ಬರು ಓಡಿಸಬಹುದು" ಎಂದಳು.

ಮರುದಿನ ಪ್ರಫುಲ್ಲಾ ಫೋನ್ ಮಾಡಿಯೇ ಬಿಟ್ಟಳು. ಆ ಕಡೆಯಿಂದ ಒಬ್ಬ ಹುಡುಗ, "ಆಂಟಿ, ಬೇಟಿ ಕೆ ಲಿಯೇ?" ಎಂದು ಕೇಳಿದ.

"ನಹೀ, ಮೇರೇ ಲಿಯೇ" ಎಂದಳು, ಮಗಳಿಗಲ್ಲ, ತನಗೇ ಎಂದು.

ಸಂಜೆ ಸುದ್ದಿ ಕೇಳಿ ಅನುಷ್ಕಾಳ ಮುಖ ಸಣ್ಣದಾಯಿತು. ತಾನು ಒಬ್ಬಳೇ ಹೋಗಬೇಕೆಂದುಕೊಂಡಿದ್ದ ಜಾಗಕ್ಕೆ ಅಮ್ಮನೂ ಬರುತ್ತಾಳೆಂದರೆ ಯಾವ ಹುಡುಗಿಗೆ ಖುಷಿ? ಭುಜಂಗನಂತೂ, "ನಿನ್ನ ತಲೆ ಸರಿ ಉಂಟಾ? ನಿನ್ನಣ್ಣನಿಗೆ ನಾನೆಂತ ಹೇಳುದು?" ಎಂದ.

"ನಾನು ಸಂಜೆ ಬರ್ತೇನೆ ಅಂತ ಹೇಳಿ. ನೀವು ಬೆಳಿಗ್ಗೆ ಟ್ರೇನಲ್ಲಿ ಹೋಗಿ."

ಅಭ್ಯಾಸಕ್ಕೆ ಹೆಂಡತಿಯ ಪಕ್ಕ ಕೂರಲು ಅವನು ಒಪ್ಪಲಿಲ್ಲ. ಅನುಷ್ಕಾಳೇ ಕೂತಳು. ಅವಳಿಗೂ ತಾಳ್ಮೆ ಕಡಿಮೆ. "ಕ್ಲಚ್ ಅಮ್ಮಾ, ಕ್ಲಚ್!" ಎಂದು ಬೊಬ್ಬೆ ಹೊಡೆದಳು. ಗಾಡಿ ಕುಪ್ಪಳಿಸಿ ಬಂದ್ ಬಿತ್ತು. ಪ್ರಫುಲ್ಲಾಳ ಕೈ ತಂತಾನೇ ಬಾಗಿಲ ಹಿಡಿಕೆಗೆ ಹೋಯಿತು.

"ಇಳೀಲಾ?"

"ಇಳಿಯುದು ಯಾಕೆ? ಫಿರ್ ಸೇ ಸ್ಟಾರ್ಟ್ ಕರ್" ಎಂದಳು ಮಗಳು ಸಿಡಿಮಿಡಿಯಿಂದ. ಪ್ರಫುಲ್ಲಾ ಕೀ ತಿರುಗಿಸಿದಳು.

ಕ್ಲಾಸಿದ್ದ ಖಾರ್‌ಘರ್ ಕಡೆಯ ಮೈದಾನಕ್ಕೆ ಅವಳು ಮಗಳ ಹಳೆಯ ಕ್ಯಾನ್ವಾಸ್ ಶೂ ಹಾಕಿ, ದುಪಟ್ಟಾ ಮನೆಯಲ್ಲೇ ಬಿಟ್ಟು ಹೋದಳು. ಟೈರಿನ ಗಾಳಿ ನೋಡಿದರು, ಬಾಗಿಲಿಗೆ ನಂಬರ್ ಅಂಟಿಸಿದರು. ಕಲಿಸುವವನ ಹೆಸರು ಕೀರ್ತನ್. ಅವನು ಎಲ್ಲರನ್ನೂ ಕೋನುಗಳ ದಾರಿಯಲ್ಲಿ ನಡೆಸಿಕೊಂಡು ಹೋಗಿ, ಕೋನನ್ನು ನೋಡಿದರೆ ಗಾಡಿ ಕೋನಿಗೇ ಹೋಗುತ್ತದೆ, ಮುಂದಿನ ತಿರುವು ನೋಡಿ ಎಂದ.

ಅನುಷ್ಕಾ ಮೊದಲು ಹೋದಳು. ಒಂದು ಕೋನೂ ಅಲುಗಲಿಲ್ಲ. ನಿಂತವರೆಲ್ಲ ಶಿಳ್ಳೆ ಹಾಕಿದರು. ಪ್ರಫುಲ್ಲಾಳೂ ಚಪ್ಪಾಳೆ ತಟ್ಟಿದಳು, ತಟ್ಟುತ್ತಲೇ, ಒಂದಾದರೂ ಬೀಳಬಾರದಿತ್ತೇ ಎಂದುಕೊಂಡಳು. ಆ ಯೋಚನೆಗೆ ಅವಳೇ ಬೆಚ್ಚಿದಳು.

ತನ್ನ ಸರದಿ ಬಂದಾಗ ಸೀಟು ಮುಂದಕ್ಕೆ ಎಳೆದುಕೊಂಡು, ಹೆಲ್ಮೆಟ್ಟಿನ ಪಟ್ಟಿ ಬಿಗಿದು ಹೊರಟಳು. ಅರ್ಧದಲ್ಲಿ ದಾರಿ ತಪ್ಪಿ ಮೈದಾನದ ಅಂಚಿಗೆ ಹೋಗಿ ನಿಂತಳು. ಯಾರೋ ನಕ್ಕರು. ಎರಡನೆಯ ಸಲ ಕೋನುಗಳು ಉದುರಿದವು. ಮೂರನೆಯ ಸಲ ಅವಳು ಕೋನುಗಳನ್ನು ನೋಡಲಿಲ್ಲ, ನಿಂತ ಜನರನ್ನೂ ನೋಡಲಿಲ್ಲ. ಗೆರೆ ದಾಟಿ ನಿಲ್ಲಿಸಿದಾಗ ಅನುಷ್ಕಾ ಓಡಿ ಬಂದಳು.

"ಅಮ್ಮಾ, ಕ್ಲೀನ್! ಒಂದೂ ಬಿದ್ದಿಲ್ಲ!"

"ಟೈಮ್ ನಿನ್ನಷ್ಟು ಆಯ್ತಾ?" ಎಂದು ಕೇಳಿದಳು ಪ್ರಫುಲ್ಲಾ.

ಮಗಳು ಕಿಸಕ್ಕನೆ ನಕ್ಕಳು. "ಹತ್ತಿರವೂ ಇಲ್ಲ."

ಸಂಜೆ ಕಲ್ಯಾಣಕ್ಕೆ ಗಾಡಿ ಓಡಿಸಿದ್ದು ಪ್ರಫುಲ್ಲಾಳೇ. ವಾಪಸು ಬರುವಾಗ ಭುಜಂಗ ಎಡಗಡೆ ಕೂತು, ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಾ ಬಂದ. ಬೊಬ್ಬೆ ಮಾತ್ರ ಹೊಡೆಯಲಿಲ್ಲ.

ಅನುಷ್ಕಾಳ ಹುಚ್ಚು ಒಂದು ವರ್ಷದಲ್ಲಿ ಇಳಿಯಿತು. ಪ್ರಫುಲ್ಲಾ ಬಿಡಲಿಲ್ಲ. ಎಲ್ಲಿ ಕೋನು ಇಟ್ಟರೂ ಹೋದಳು. ಆದರೂ ಆ ಮೊದಲ ದಿನ ಮಗಳು ಎಷ್ಟು ಸಲೀಸಾಗಿ ತಿರುಗಿಸಿದ್ದಳೆಂದು ಯಾರಾದರೂ ನೆನಪಿಸಿದರೆ ಅವಳಿಗೆ ಈಗಲೂ ಸರಿಬರುವುದಿಲ್ಲ. "ಅವಳಿಗೆ ಹೇಳಿಕೊಡುವವರು ಇದ್ರು" ಎನ್ನುತ್ತಾಳೆ.