ಕನ್ಯಾ ನೋಡಲು ರಸ್ತೆ ದಾಟಿದ್ದು

ಮೊನ್ನೆ ಪುಣೆಯ ಬಿಬವೇವಾಡಿಯಲ್ಲಿ ಸಿಟಿ ಬಸ್ಸೊಂದು ಗಕ್ಕನೆ ನಿಂತು, ಬ್ರೇಕಿನ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಯಿಂದ ನಿಮಗೇನು ನೆನಪಾಗುತ್ತದೋ ಗೊತ್ತಿಲ್ಲ, ನನಗೆ ನನ್ನ ಮದುವೆ ನೆನಪಾಗುತ್ತದೆ. ತಪ್ಪು ತಿಳಿಯಬೇಡಿ, ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ಧಾರವಾಡದಿಂದ ಪುಣೆಗೆ ಗುಮಾಸ್ತನಾಗಿ ಬಂದಾಗ, ಆಫೀಸಿನವರು ನನ್ನನ್ನು ಧೈರ್ಯವಂತನೆಂದೇ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ನಾಲ್ವರು ಗೆಳೆಯರು ಜೊತೆಗಿದ್ದರೆ ಎಂಥ ರಸ್ತೆಯನ್ನೂ ಹರಟುತ್ತಲೇ ದಾಟುತ್ತಿದ್ದೆ. ಒಮ್ಮೆ ದೌಂಡದಲ್ಲಿ ರೈಲು ನಿಲ್ಲುವ ಮೊದಲೇ ಚಹಾಕ್ಕೆಂದು ಜಿಗಿದೆ. ಅರ್ಧ ಗ್ಲಾಸು ಬಿಯರಿಗೇ ತಲೆ ತಿರುಗುವವನು, "ಏನ್ರೀ, ಇಷ್ಟಕ್ಕ ಸಾಕಾತೇನು?" ಎಂದು ಯಾರೋ ಕೇಳಿದ್ದಕ್ಕೆ ಮೂರು ಬಾಟಲಿ ಮುಗಿಸಿದೆ. ಮರುದಿನ ಆಫೀಸಿನಲ್ಲಿ ಮೇಜಿನ ಕೆಳಗೆಲ್ಲ ಚಪ್ಪಲಿ ಹುಡುಕಿದೆ. ಅವು ಕಾಲಲ್ಲೇ ಇದ್ದವು.

ಒಬ್ಬನೇ ಇದ್ದಾಗಿನ ಕಥೆ ಬೇರೆ. ಅದು ಯಾರಿಗೂ ಗೊತ್ತಿರಲಿಲ್ಲ, ಕನ್ಯಾ ನೋಡಲು ಹೋದ ಆ ಭಾನುವಾರದವರೆಗೆ.

ಹುಡುಗಿಯ ತಂದೆ ಬೆಳಗಾವಿ ಕಡೆಯ ಅರಿವೆ ವ್ಯಾಪಾರಿ. ಅವರ ಮನೆ ಬಿಬವೇವಾಡಿಯ ದೊಡ್ಡ ರಸ್ತೆಯ ಆಚೆ ಬದಿಗೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಈಚೆ ಬದಿಗೆ ಹದಿನೈದು ನಿಮಿಷ ನಿಂತೆ. ಒಂದು ಹೆಜ್ಜೆ ಮುಂದಿಡುವುದು, ರಿಕ್ಷಾ ಬಂತೆಂದು ಎರಡು ಹೆಜ್ಜೆ ಹಿಂದೆ ಸರಿಯುವುದು. ಆಚೆ ಗೇಟಿನಲ್ಲಿ ನಿಂತು ಅವರು ಕೂಗುತ್ತಿದ್ದರು.

"ಬರ್ರೀ, ಬರ್ರೀ! ಏನೂ ಆಗೂದಿಲ್ಲ!"

"ಬಂದೆ ರೀ!" ಎನ್ನುತ್ತಿದ್ದೆ. ಹೋಗುತ್ತಿರಲಿಲ್ಲ.

ಕೊನೆಗೆ ಅವರೇ ಧೋತರ ಎತ್ತಿ ಹಿಡಿದು, ಓಡಿ ನನ್ನ ಬದಿಗೆ ಬಂದುಬಿಟ್ಟರು. ನನ್ನ ಕೈ ಹಿಡಿದು ರಸ್ತೆಯತ್ತ ತಿರುಗಿದರು. ಒಂದು ಹೆಜ್ಜೆ ಮುಂದಿಟ್ಟರು, ನನ್ನಂತೆಯೇ ಎರಡು ಹೆಜ್ಜೆ ಹಿಂದೆ ಸರಿದರು.

"ಖರೆ ಹೇಳ್ಲೇನ್ರೀ?" ಎಂದರು ಮೆಲ್ಲಗೆ. "ಹತ್ತು ವರ್ಷಾತು, ನಾ ಈ ರಸ್ತಾ ಒಬ್ಬನ ದಾಟಿಲ್ಲ. ಅಳಿಯಂದ್ರು ನೋಡ್ಲಿಕ್ಕತ್ತಾರ ಅಂತ ಓಡಿ ಬಂದೆ. ಈಗ ವಾಪಸ್ ಹ್ಯಾಂಗ ಹೋಗೂದು?"

ಇಬ್ಬರೂ ನಿಂತೆವು. ಆಗ ಗೇಟಿನಿಂದ ಒಬ್ಬ ಹುಡುಗಿ ಹೊರಬಂದಳು. ಕೈಯಲ್ಲಿ ಉಪ್ಪಿಟ್ಟಿನ ಸೌಟು. ಅದನ್ನೇ ಎತ್ತಿ ಹಿಡಿದು ರಸ್ತೆಗಿಳಿದು, "ಓ ದಾದಾ, ಥಾಂಬಾ!" ಎಂದು ಮರಾಠಿಯಲ್ಲಿ ಒದರಿದಳು. ಸಿಟಿ ಬಸ್ಸು ಗಕ್ಕನೆ ನಿಂತಿತು. ಬ್ರೇಕಿನ ವಾಸನೆ ಎಲ್ಲೆಡೆ ಹಬ್ಬಿತು.

"ಅಪ್ಪಾ, ನಡೀರಿ. ಅವರನ್ನೂ ಕರಕೊಂಡ ಬರ್ರಿ."

ನಾನು ಕನ್ಯಾ ನೋಡಿದ್ದು ಹೀಗೆ. ನೋಡಿದ್ದು ಅವಳೇ ಅನ್ನಿ. ಆದರೂ ಒಪ್ಪಿದಳು. ಯಾಕೆಂದು ಮದುವೆಯಾದ ಮೇಲೆ ಕೇಳಿದೆ. "ಅಂಜುಬುರಕ ಗಂಡ ಆದ್ರ ಸಂಜೀಕೆ ಲಗೂನ ಮನೀಗೆ ಬರ್ತಾನ ಅಂತ," ಎಂದಳು. ಬಂದೆ ಕೂಡ. ಗೆಳೆಯರ ಬಾಟಲಿಗಳು ನನ್ನನ್ನು ಕಾಯ್ದು ಕಾಯ್ದು ಸುಮ್ಮನಾದವು.

ಇಂಥ ಹೆಂಡತಿ ಕಾಲು ಮುರಿದುಕೊಂಡದ್ದು ರಸ್ತೆಯಲ್ಲಲ್ಲ, ಬಚ್ಚಲಲ್ಲಿ ಜಾರಿ. ಪ್ಲಾಸ್ಟರ್ ತೆಗೆಸಿ ಮೊನ್ನೆ ಮೊದಲ ಸಲ ಹೊರಗೆ ಬಂದವಳು ರಸ್ತೆಯಂಚಿಗೆ ನಿಂತು ನನ್ನ ತೋಳು ಹಿಡಿದಳು.

"ನನಗ ಅಂಜಿಕಿ ಬರ್ತದ ರೀ."

ಇಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಈ ಮಾತು ಕೇಳಿರಲಿಲ್ಲ. ನನಗೇನಾಯಿತೋ, ಅವಳನ್ನು ಎಡಕ್ಕೆ ಸರಿಸಿಕೊಂಡು ನಡೆದೇಬಿಟ್ಟೆ. ಬಸ್ಸು ನಿಂತಿತು. ಡ್ರೈವರ್ ಮರಾಠಿಯಲ್ಲಿ ನನ್ನ ವಂಶವನ್ನೆಲ್ಲ ನೆನೆದ. ನಾನು ನಿಲ್ಲಲಿಲ್ಲ.

ಆಚೆ ಬದಿ ಮುಟ್ಟಿದಾಗ ಅವಳು ನನ್ನ ಕಿವಿಯ ಹತ್ತಿರ ಬಂದು ಹೇಳಿದಳು:

"ಬಂದ್ವಿ ರೀ. ಇನ್ನ ಕಣ್ಣ ತೆರೀರಿ."