ಪುಟ್ಟಬಸವಯ್ಯನ ಸುಡದ ಕೈ

ಹೆಡತಲೆ ಊರಿನ ನಮ್ಮ ಭಾವ ಪುಟ್ಟಬಸವಯ್ಯ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವರು. ಕುದಿಯುವ ಪಾಕದ ತೊಟ್ಟೊಂದನ್ನು ನೀರಿಗೆ ಬಿಟ್ಟು, ಬಲಗೈ ಬೆರಳಲ್ಲಿ ಉರುಳಿಸಿ "ಇಳ್ಸ್ರಲಾ" ಎಂದರೆ ಕೊಪ್ಪರಿಗೆ ಇಳಿಯಬೇಕು. ಸುತ್ತಲ ನಾಲ್ಕು ಊರಿನವರು ಅವರನ್ನೇ ಕರೆಯುತ್ತಿದ್ದರು. ಎಡಗೈಗೆ ಹದ ತಿಳಿಯುವುದಿಲ್ಲ ಎಂದು ಅವರೇ ಹೇಳುತ್ತಿದ್ದರು.

೨೦೦೪ರಲ್ಲಿ ಆ ಬಲಗೈ ಮೇಲೆಯೇ ಪಾಕ ಚೆಲ್ಲಿತು. ನಂಜನಗೂಡಿನ ಡಾಕ್ಟರು ಸುಟ್ಟ ಜಾಗ ತೊಳೆದು, ಮೊಟ್ಟೆಯೊಳಗಿನ ಪೊರೆಯಂಥ ಹಾಳೆಯೊಂದನ್ನು ಅಂಟಿಸಿದರು. ಕೊಲಾಜೆನ್ ಅಂತೆ, ಪ್ರಾಣಿಯ ಚರ್ಮದಿಂದ ತೆಗೆಯುವುದಂತೆ.

"ಅಡಿಯಲ್ಲಿ ಹೊಸ ಚರ್ಮ ಬಂದ ಮೇಲೆ ತಾನೇ ಉದುರುತ್ತೆ. ಅಲ್ಲೀತನಕ ಬಿಚ್ಚಬಾರದು, ಏನೂ ಹಚ್ಚಬಾರದು. ಗಾಯ ಕೆಟ್ಟರೆ ಬೆರಳು ಮಡಚೋಕಾಗಲ್ಲ."

ಭಾವ ತಮ್ಮ ಬಲಗೈ ಬೆರಳುಗಳನ್ನೇ ನೋಡಿಕೊಂಡರು.

ಡಾಕ್ಟರು ಸುಲಭವಾಗಿ ಹೇಳಿಬಿಟ್ಟರು. ನಮ್ಮ ಕಡೆ ಗಾಯವಾದವರನ್ನು ನೋಡಲು ಬರುವುದು ಎಂದರೆ ಗಾಯವನ್ನು ನೋಡಲು ಬರುವುದು. ಹಣ್ಣು ತಂದವರಿಗೆ ಬಟ್ಟೆ ಬಿಚ್ಚಿ ತೋರಿಸದಿದ್ದರೆ ಅವಮಾನ. ಮೊದಲ ದಿನವೇ ಪಕ್ಕದ ಮನೆಯ ಚಾಮುಂಡಮ್ಮ, "ಒಳ್ಗೆ ಚಿನ್ನ ಬಚ್ಚಿಟ್ಟಿದ್ದೀರಾ ಬಸವಯ್ಯಣ್ಣ, ತೋರ್ಸಕ್ಕಾಗಲ್ವಾ?" ಎಂದು ತಂದಿದ್ದ ಮೂಸಂಬಿಯನ್ನು ವಾಪಸ್ ಎತ್ತಿಕೊಂಡು ಹೋದಳು.

ನನಗೆ ರೇಗಿತು. "ನೋಡ್ಲೇಬೇಕಾ ಇವ್ರಿಗೆ? ನೋಡ್ಲಿ, ಆ ಎಡಗೈ ತನ್ನಿ ಭಾವ" ಎಂದು ಅವರ ನೆಟ್ಟಗಿದ್ದ ಎಡಗೈಗೆ ಬೆಲ್ಲದ ಮಡ್ಡಿ, ಅರಿಶಿನ, ಒಲೆಯ ಬೂದಿ ಕಲಸಿ ಬಳಿದು, ಹಳೇ ಪಂಚೆ ಹರಿದು ಸುತ್ತಿದೆ. ಬಲಗೈ ರಗ್ಗಿನೊಳಗೆ ಹೋಯಿತು.

ಜನ ತೃಪ್ತಿಯಾಗಿ ನೋಡಿದರು; ಸುಟ್ಟಿದ್ದು ಯಾವ ಕೈ ಎಂದು ಯಾರೂ ಕೇಳಲಿಲ್ಲ. "ಅಯ್ಯೋ ಶಿವನೇ, ಮೂಳೆ ಕಾಣ್ತದೆ!" ಎಂದರು. ಚಾಮುಂಡಮ್ಮ ಅದೇ ಮೂಸಂಬಿಯನ್ನು ಮತ್ತೆ ತಂದಳು. ಒಬ್ಬರು ಪೆನ್ನಿನ ಇಂಕು ಹಚ್ಚಿದರು, ಇನ್ನೊಬ್ಬರು ಟೂತ್‌ಪೇಸ್ಟು. ಭಾವ ಮರ್ಯಾದಸ್ಥರು. ಪ್ರತಿ ಸಲವೂ ಜ್ಞಾಪಕವಾಗಿ ನರಳುತ್ತಿದ್ದರು.

ಹತ್ತನೇ ದಿನ ಮುಡುಕುತೊರೆಯಿಂದ ಅವರ ಮಗಳ ಮಾವ ನಾಗಯ್ಯ ಬಂದರು. "ಡಾಕ್ಟ್ರಿಗೇನ್ ಗೊತ್ತದೆ ಬೀಗ್ರೇ" ಎಂದು ಸುಣ್ಣಕ್ಕೆ ಎಕ್ಕದ ಹಾಲು ಕಲಸಿ, ಎಡಗೈ ತುಂಬ ಮೆತ್ತಿ, ಬಿಗಿಯಾಗಿ ಕಟ್ಟಿ, ಪಕ್ಕದಲ್ಲೇ ಕೂತರು.

"ಉರೀತದಾ?"

"ಇಲ್ಲ ಬೀಗ್ರೇ, ತಣ್ಣಗದೆ." ಭಾವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಬಿಚ್ಚಿ ಎಸೀರಿ ಭಾವ!" ಎಂದು ನಾನು ಹಲ್ಲು ಕಡಿಯುತ್ತ ಕಿವಿಯಲ್ಲಿ ಹೇಳಿದೆ.

"ಸುಮ್ಕಿರ್ಲಾ. ಮಗಳು ಕೊಟ್ಟ ಮನೆ. ಉಂಡ್ಕೊಂಡು ಓಗ್ಲಿ."

ಬೀಗರು ಉಂಡು, ಮಲಗಿ, ಎದ್ದು, ಕಾಫಿ ಕುಡಿದು, ಸಂಜೆಯ ಬಸ್ಸಿಗೆ ಹೋದರು. ಆಮೇಲೆ ಬಿಚ್ಚಿದರೆ ಎಡಗೈ ನಿಜವಾಗಿಯೇ ಬೆಂದು ಬೊಬ್ಬೆ ಎದ್ದಿತ್ತು.

ಮರುದಿನ ಡಾಕ್ಟರು ಬಲಗೈ ನೋಡಿದರು. ಹಾಳೆ ಒಣಗಿ ಅಂಚಿನಿಂದ ಉದುರುತ್ತಿತ್ತು, ಅಡಿಯಲ್ಲಿ ಗುಲಾಬಿ ಬಣ್ಣದ ಚರ್ಮ. ಐದು ಬೆರಳೂ ಮಡಚಿದವು. "ವಾಸಿಯಾಯ್ತಲ್ಲ, ಇನ್ನೇನು?" ಎಂದರು.

ಭಾವ ಮೆಲ್ಲಗೆ ಎಡಗೈಯನ್ನು ಮೇಜಿನ ಮೇಲಿಟ್ಟರು.

"ಇದು ಯಾವಾಗ ಸುಟ್ಟಿತು?"

"ಇದು ಸುಟ್ಟಿದ್ದಲ್ಲ ಸಾ. ವಾಸಿ ಮಾಡಿದ್ದು."

ಡಾಕ್ಟರು ಇನ್ನೊಂದು ಹಾಳೆ ತೆಗೆದರು.

ಮುಂದಿನ ವಾರ ಆಲೆಮನೆಯಲ್ಲಿ ಭಾವ ಎಡಗೈಯನ್ನು ಅಂಗಿಯೊಳಗೆ ಅಡಗಿಸಿಕೊಂಡು, ಬಲಗೈಯಲ್ಲಿ ತೊಟ್ಟು ಉರುಳಿಸಿ "ಇಳ್ಸ್ರಲಾ" ಎಂದರು. ನಾನು ಕಬ್ಬಿನ ಜಲ್ಲೆ ಹಿಡಿದು ಬಾಗಿಲಲ್ಲಿ ಕಾವಲು ನಿಂತಿದ್ದೆ. ಚಾಮುಂಡಮ್ಮ ಮೂಸಂಬಿ ಹಿಡಿದು ಬರುತ್ತಿದ್ದಳು.