ಪೊರಕೆ ಕೆಳಗಿಟ್ಟ ಡಾಂಬರಕ್ಕ

ಸೂರ್ಯ ಇನ್ನೂ ಎದ್ದಿಲ್ಲ. ಕಡಲಿನ ನಡುವೆ ಎಣ್ಣೆಬಾವಿಯ ಕಟ್ಟೆಯ ಮೇಲೆ ಅನಿಲದ ಜ್ವಾಲೆಯೊಂದು ಎದ್ದು ಕೂತಿದೆ. ಅದು ಮಲಗಿದ್ದನ್ನು ಈ ದಡದವರು ಕಂಡಿಲ್ಲ. ಗಂಡನ ಹಳೆಯ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡ ಹೆಂಗಸೊಬ್ಬಳು ಮರಳಿನತ್ತ ಬಗ್ಗುತ್ತಾಳೆ. ನಿಂಬೆಹಣ್ಣಿನಷ್ಟು ದೊಡ್ಡ ಕಪ್ಪು ಉಂಡೆ; ಕಡಲಿಗೆ ಚೆಲ್ಲಿದ ಎಣ್ಣೆ ಡಾಂಬರಿನಂತೆ ಹೆಪ್ಪುಗಟ್ಟಿ ದಡ ಸೇರಿದ್ದು. ಕಡ್ಡಿಯಿಂದ ಚುಚ್ಚಿ ನೋಡುತ್ತಾಳೆ.

"ಹೊಸದು. ಮೇಲೆ ಗಟ್ಟಿ, ಒಳಗೆ ಮೆತ್ತಗೆ. ನಮ್ಮತ್ತೆ ಥರ."

ಉಂಡೆಯನ್ನು ಮುಟ್ಟದೆ, ಅದರ ಪಕ್ಕ ಕೆಂಪು ಬಟ್ಟೆ ಕಟ್ಟಿದ ಕಡ್ಡಿಯೊಂದನ್ನು ನೆಟ್ಟು ಮುಂದೆ ಹೋಗುತ್ತಾಳೆ. ಊರವರ ಬಾಯಲ್ಲಿ ಈಕೆ ಡಾಂಬರಕ್ಕ. ಹೆತ್ತವರಿಟ್ಟ ಹೆಸರು ಈಗ ರಿಜಿಸ್ಟರಿನ ಸಹಿಯಲ್ಲಷ್ಟೇ ಉಳಿದಿದೆ.

ಆರು ವರ್ಷದ ಹಿಂದೆ ಕಡಲಲ್ಲಿ ಬಾವಿ ಕೊರೆಯಲು ಅನುಮತಿ ಕೊಟ್ಟಾಗ ಸರ್ಕಾರ ಕಂಪನಿಗೆ ಒಂದು ಷರತ್ತು ಹಾಕಿತ್ತು: ದಡವನ್ನು ದಿನವೂ ಯಾರಾದರೂ ನೋಡಬೇಕು, ಆ ಯಾರಾದರೂ ಊರಿನವರೇ ಆಗಬೇಕು. ಓದುಬರಹ ಬಲ್ಲವರು ನಡೆಯಲು ಒಪ್ಪಲಿಲ್ಲ, ನಡೆಯುವವರಿಗೆ ಬರೆಯಲು ಬರುತ್ತಿರಲಿಲ್ಲ. ಬಲೆ ಹೆಣೆಯುವವರ ಮಗಳಾಗಿ ಹುಟ್ಟಿ ದೋಣಿಯವರ ಮನೆ ಸೇರಿದ ಈಕೆಗೆ ಎರಡೂ ಬರುತ್ತಿದ್ದವು.

ನಾಲ್ಕು ಕಿಲೋಮೀಟರ್ ದಡ, ನಲವತ್ತೊಂದು ಗೂಟ. ಕಂಡದ್ದನ್ನು ಎಣಿಸಿ, ತೂಗಿ, ಬರೆಯಬೇಕು. ಇಷ್ಟು ವರ್ಷದಲ್ಲಿ ತಪ್ಪಿದ್ದು ಹನ್ನೊಂದೇ ದಿನ. ಮಗಳ ಬಾಣಂತನಕ್ಕೆ ಏಳು, ಜ್ವರಕ್ಕೆ ನಾಲ್ಕು. ಹದಿನಾಲ್ಕು ರಿಜಿಸ್ಟರು ತುಂಬಿವೆ. ತಾರೀಖು ಬರೆದು ಸುತ್ತಿಟ್ಟ ಆರುನೂರಕ್ಕೂ ಹೆಚ್ಚು ಉಂಡೆಗಳು ಮೀನುಗಾರರ ಸಂಘದ ಹಳೆಯ ಫ್ರಿಜ್ಜಿನಲ್ಲಿವೆ. ಅಂಗೈ ಬಿರಿದಿದೆ. "ಎಣ್ಣೆ ಹೋಗೋಕೆ ಎಣ್ಣೇನೇ ಹಚ್ಚಿ ತಿಕ್ಬೇಕು. ಅಡುಗೆಗಿಂತ ನನ್ನ ಕೈಗೇ ಜಾಸ್ತಿ ಖರ್ಚಾಗುತ್ತೆ ಅಂತ ಅತ್ತೆ ಬೈತಾರೆ."

ಕಂಪನಿಯ ಸಂಪರ್ಕಾಧಿಕಾರಿಯ ಮಾತು ಬಂದರೆ ಡಾಂಬರಕ್ಕನ ಕತ್ತು ತಾನಾಗಿ ಓರೆಯಾಗುತ್ತದೆ, ದನಿ ಮೂಗಿಗೇರುತ್ತದೆ. "'ಅಮ್ಮಾ... ಯಾವುದೋ ಹಡಗು ಹೋಗ್ತಾ ಚೆಲ್ಲಿರ್ಬೇಕು. ದಯವಿಟ್ಟು ಗಾಬರಿ ಬೇಡ.' ಆರು ವರ್ಷದಿಂದ ಅದೇ ಹಡಗು ಹೋಗ್ತಾನೇ ಇದೆ ನೋಡಿ!"

ನಗು ಅಲ್ಲಿಗೇ ನಿಲ್ಲುತ್ತದೆ. ಏಕೆಂದರೆ ಆ ಹಡಗಿನ ನೆಪಕ್ಕೆ ದಾರಿ ಮಾಡಿಕೊಟ್ಟದ್ದು ತಾನೇ ಎಂಬ ಕೊರಗು ಈಕೆಗಿದೆ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಕಡಲತಳದ ಕೊಳವೆ ಸೋರಿತು. ದಡದ ತುಂಬ ಉಂಡೆಗಳು. ಸರ್ಕಾರದ ತನಿಖೆಯ ತಂಡ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತದೆಂದು ಸುದ್ದಿ ಬಂತು. ಡಾಂಬರಕ್ಕ ನಾದಿನಿಯನ್ನು ಕರೆದುಕೊಂಡು ಬೆಳಕು ಹರಿಯುವ ಮುಂಚೆಯೇ ಪೊರಕೆ ಹಿಡಿದಳು. ನಾಲ್ಕೂ ಕಿಲೋಮೀಟರ್ ಗುಡಿಸಿ, ಎಲ್ಲವನ್ನೂ ಗುಂಡಿಗೆ ಹಾಕಿ ಮಣ್ಣೆಳೆದಳು.

"ಮನೆಗೆ ಯಾರಾದ್ರೂ ಬರ್ತಾರೆ ಅಂದ್ರೆ ಅಂಗಳ ಗುಡಿಸ್ದೆ ಇರ್ತೀವಾ? ಗಲೀಜು ನೋಡಿ ಏನಂದ್ಕೋತಾರೋ ಅನ್ನಿಸ್ತು. ಅಷ್ಟೇ ತಲೆಗೆ ಹೊಳೆದಿದ್ದು."

ತಂಡ ಬಂತು, ನೋಡಿತು, 'ದಡ ಸ್ವಚ್ಛವಾಗಿದೆ' ಎಂದು ಬರೆಯಿತು. ಸಾಕ್ಷಿಯಾಗಿ ಈಕೆಯಿಂದಲೇ ಸಹಿ ಹಾಕಿಸಿಕೊಂಡಿತು. ಶಹಭಾಸ್ ಎಂದೂ ಹೇಳಿತು. ಆ ವರ್ಷ ಅಳಿವೆಯ ಬಳಿಯ ಚಿಪ್ಪುಮೀನುಗಳೆಲ್ಲ ಬಾಯಿ ಬಿಟ್ಟು ಸತ್ತವು. ದಡ ಸ್ವಚ್ಛವೆಂದು ಬರೆದಾಗಿದ್ದರಿಂದ ಪರಿಹಾರವೂ ಸಿಗಲಿಲ್ಲ. ಚಿಪ್ಪು ಆಯ್ದು ಬದುಕುತ್ತಿದ್ದ ನಾದಿನಿ ಊರು ಬಿಟ್ಟು ಇಟ್ಟಿಗೆ ಗೂಡಿಗೆ ಹೋದಳು. "ಗುಡಿಸಿದ್ದು ಇಬ್ರು. ಹೊಟ್ಟೆ ಮೇಲೆ ಹೊಡೆತ ಬಿದ್ದಿದ್ದು ಅವಳಿಗೆ."

ಈಗ ಕಂಪನಿ ಇನ್ನೊಂದು ಕೊಳವೆಯನ್ನು ದಡಕ್ಕೆ ಹತ್ತಿರವಾಗಿ, ಚಿಪ್ಪುಮೀನು ಮತ್ತೆ ಹುಟ್ಟುತ್ತಿರುವ ಅಳಿವೆಯ ಮರಳಿನ ಮೇಲೆಯೇ ಹಾಯಿಸಲು ಅರ್ಜಿ ಹಾಕಿದೆ. ಕೊಳವೆ ಸೋರಿದ ವಾರದಲ್ಲೂ ದಡ ಸ್ವಚ್ಛವಾಗಿತ್ತು, ಹಾಗಾಗಿ ಈ ಉಂಡೆಗಳು ತನ್ನವಲ್ಲ ಎಂಬುದು ಅದರ ವಾದ. ಆಧಾರ, ಡಾಂಬರಕ್ಕನ ಸಹಿಯಿರುವ ಆ ಹಾಳೆ. ನಾಳೆ ಬೆಳಿಗ್ಗೆ ಸರ್ಕಾರದ ತಂಡ ದಡ ನೋಡುತ್ತದೆ; ಆಮೇಲೆ ಶಾಲೆಯ ಹಾಲಿನಲ್ಲಿ ಊರವರ ಅಹವಾಲು ಕೇಳುತ್ತದೆ.

ಮನೆಯ ಜಗಲಿಯಲ್ಲಿ ಅತ್ತೆಗೆ ಸಮಾಧಾನವಿಲ್ಲ. "ನಾಲ್ಕು ಜನ ದೊಡ್ಡೋರು ಬರೋ ಜಾಗ. ದಡಾನ ಗುಡಿಸ್ದೆ ಹೀಗಾ ಬಿಡೋದು? ನೋಡಿದೋರು ನನ್ನ ಸೊಸೆ ಸೋಮಾರಿ ಅಂತಾರೆ."

"ಅನ್ಲಿ ಬಿಡಿ ಅತ್ತೆ. ನೀವು ಇಪ್ಪತ್ತೈದು ವರ್ಷದಿಂದ ಅಂತಾನೇ ಇದ್ದೀರಲ್ಲ."

ಅತ್ತೆ ನಗು ನುಂಗಿಕೊಂಡು, "ಎಲ್ಲರ ಮುಂದೆ ತಪ್ಪು ಒಪ್ಕೊಂಡ್ರೆ ಕೆಲಸದಿಂದ ತೆಗೀತಾರಲ್ಲೇ?" ಎನ್ನುತ್ತಾರೆ.

"ತೆಗೀಬಹುದು. ನಾನು ಸಹಿ ಹಾಕಿದ ಆ ಒಂದು ಹಾಳೆ ಸುಳ್ಳಾದ್ರೆ ಹದಿನಾಲ್ಕು ಪುಸ್ತಕಾನೂ ಸುಳ್ಳು ಅಂತ್ಲೂ ಅನ್ಬಹುದು," ಡಾಂಬರಕ್ಕ ಬೆರಳಸಂದಿಗೆ ಎಣ್ಣೆ ತಿಕ್ಕುತ್ತಾಳೆ. "ಆದ್ರೆ ಗುಂಡಿ ಎಲ್ಲಿದೆ ಅಂತ ನನಗೆ ಗೊತ್ತು. ಹತ್ತೊಂಬತ್ತನೇ ಗೂಟದ ಹಿಂದೆ. ಬನ್ನಿ, ಅಗೆದು ನೋಡಿ ಅಂತೀನಿ. ನಾದಿನಿಗೂ ಫೋನ್ ಮಾಡಿದ್ದೀನಿ. ಬರ್ತೀನಿ ಅಂದಿದ್ದಾಳೆ."

ಇಷ್ಟು ಹೇಳಿ ಎದ್ದು, ಮಾಮೂಲಿಯಂತೆ ಅಂಗಳ ಗುಡಿಸುತ್ತಾಳೆ. ಗೇಟಿನವರೆಗೂ ಗುಡಿಸಿ ನಿಲ್ಲುತ್ತಾಳೆ. ಆಚೆ, ದಡದುದ್ದಕ್ಕೂ ನೂರಾ ಮೂವತ್ತೆರಡು ಕೆಂಪು ಬಟ್ಟೆಗಳು ಗಾಳಿಗೆ ಪಟಪಟಿಸುತ್ತಿವೆ.

"ನಾಳೆ ನೆಂಟ್ರು ಬರ್ತಾರೆ," ಎನ್ನುತ್ತ ಪೊರಕೆಯನ್ನು ಗೋಡೆಗೆ ಒರಗಿಸುತ್ತಾಳೆ. "ಈ ಸಲ ಮನೆ ಹೇಗಿದೆಯೋ ಹಾಗೇ ನೋಡ್ಲಿ."